ಪಪ್ಪಾಯಿ ಎಲೆಯ ರಸ ಕುಡಿದ ಮಳೆಗಾಲ

ಅಮ್ಮನ ಎದೆಯೊಳಗೆ ಒಂದು ಲೋಹದ ಕವಾಟ ಇದೆ. ಫ್ಯಾನ್ ನಿಲ್ಲಿಸಿ ಪಕ್ಕದಲ್ಲಿ ಕೂತರೆ ಅದರ ಸದ್ದು ಕೇಳುತ್ತದೆ, ಕೈಗಡಿಯಾರವನ್ನು ಕಿವಿಗೆ ಹಿಡಿದ ಹಾಗೆ. ಚಿಕ್ಕಂದಿನಲ್ಲಿ ಬಂದ ಗಂಟಲುನೋವು, ಕೀಲುಗಳ ಜ್ವರ ಅವಳ ಹೃದಯವನ್ನು ಒಳಗೊಳಗೇ ಕೆಡಿಸಿತ್ತಂತೆ. ಅದು ಗೊತ್ತಾದದ್ದು ಮಾತ್ರ ಎಷ್ಟೋ ವರ್ಷಗಳ ನಂತರ. ಆಗ ಅವಳು ಮೀನಿನ ಹೆಡಿಗೆ ಹೊತ್ತು ಮನೆಮನೆ ತಿರುಗುತ್ತಿದ್ದಳು. ಒಂದು ದಿನ ಸಣ್ಣ ಏರು ಹತ್ತಲಾರದೆ ಯಾರದೋ ಮನೆಯ ಜಗಲಿಯಲ್ಲಿ ಕೂತುಬಿಟ್ಟಳಂತೆ. ಆ ಮನೆಯವರೇ ನೀರು ಕೊಟ್ಟು, ರಿಕ್ಷಾ ಕರೆಸಿ ಆಸ್ಪತ್ರೆಗೆ ಕಳಿಸಿದರು.

ಆಪರೇಶನ್ ಆದ ಮೇಲೆ ಹೆಡಿಗೆ ಹೊರುವುದು ನಿಂತಿತು. ಆದರೆ ಮೀನು ಬಿಟ್ಟು ಅವಳಿಗೆ ಇರಲಾಗಲಿಲ್ಲ. ಮರವಂತೆಯಲ್ಲಿ ನಮ್ಮ ಮನೆ ಹೆದ್ದಾರಿ ಮತ್ತು ಹೊಳೆಯ ನಡುವಿನ ಜಾಗದಲ್ಲಿದೆ. ಮನೆಯ ಹತ್ತಿರವೇ ತಗಡಿನ ಮಾಡಿನ ಕೆಳಗೆ ನಾಲ್ಕಾರು ಹೆಂಗಸರು ಮೀನು ಮಾರುತ್ತಾರೆ. ಅಲ್ಲಿ ಕೂತು, ಗಿರಾಕಿಗಳು ಕೊಂಡ ಮೀನನ್ನು ಮೆಟ್ಟುಕತ್ತಿಯಲ್ಲಿ ಕೊಯ್ದು, ಚೊಕ್ಕ ಮಾಡಿ ಕೊಡುವ ಕೆಲಸ ಹಿಡಿದಳು. ಕತ್ತಿಯ ಬುಡವನ್ನು ಕಾಲಲ್ಲಿ ಒತ್ತಿ ಹಿಡಿದು, ಎರಡೂ ಕೈಯಲ್ಲಿ ಮೀನನ್ನು ಅಲಗಿಗೆ ಕೊಟ್ಟು ಕೊಯ್ಯುವ ಆ ಕೆಲಸ ನೋಡಿದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಯಾಕೆಂದರೆ ಲೋಹದ ಕವಾಟದ ಜೊತೆಗೆ ಅವಳಿಗೆ ದಿನವೂ ನುಂಗುವ ಒಂದು ಮಾತ್ರೆಯೂ ಬಂದಿತ್ತು. ಕವಾಟದ ಮೇಲೆ ರಕ್ತ ಹೆಪ್ಪುಗಟ್ಟದ ಹಾಗೆ ನೋಡಿಕೊಳ್ಳುವ ಮಾತ್ರೆ ಅದು. ಕಡಿಮೆಯಾದರೆ ರಕ್ತ ಗಟ್ಟಿಯಾಗುತ್ತದೆ, ಹೆಚ್ಚಾದರೆ ಗಾಯದ ರಕ್ತ ನಿಲ್ಲುವುದಿಲ್ಲ. ಅದಕ್ಕೇ ತಿಂಗಳಿಗೊಮ್ಮೆ ಕುಂದಾಪುರಕ್ಕೆ ಹೋಗಿ ಐಎನ್‌ಆರ್ ಎಂಬ ರಕ್ತಪರೀಕ್ಷೆ ಮಾಡಿಸಬೇಕು. ಅಮ್ಮ ಅದನ್ನು "ತೆಳು ಕಾಂಬುದ್" ಎನ್ನುತ್ತಿದ್ದಳು. ರಕ್ತ ಎಷ್ಟು ತೆಳುವಾಗಿದೆ ಎಂದು ನೋಡುವುದು.

ಆಸ್ಪತ್ರೆಯಿಂದ ಮನೆಗೆ ಬರುವ ದಿನ ಡಾಕ್ಟರು ಅವಳಿಗೆ ಸೊಪ್ಪಿನ ವಿಷಯವನ್ನೂ ಹೇಳಿದ್ದರು. ಸೊಪ್ಪಿನಲ್ಲಿ ಈ ಮಾತ್ರೆಗೆ ಎದುರು ಕೆಲಸ ಮಾಡುವ ಒಂದು ಜೀವಸತ್ವ ಇರುತ್ತದೆ, ಜಾಗ್ರತೆ ಎಂದು. ಅಮ್ಮ ಮನೆಗೆ ಬಂದವಳೇ ಸೊಪ್ಪನ್ನು ಪೂರ್ತಿ ಬಿಟ್ಟಳು. ಹಿತ್ತಲಿನ ಬಸಳೆ ಚಪ್ಪರ ಕಿತ್ತು ಹಾಕಿಸಿದಳು. ಒಂದೆಲಗದ ಚಟ್ನಿ ಇಲ್ಲದೆ ಗಂಜಿ ಉಣ್ಣದವಳು ಬರೀ ಉಪ್ಪಿನಕಾಯಿಯಲ್ಲಿ ಉಣ್ಣಲು ಕಲಿತಳು. "ಅಷ್ಟೆಲ್ಲ ಬಿಡ್ಬೇಕಂತ ಇಲ್ಲಮ್ಮ, ಸರಿ ಕೇಳಿಕೊಳ್ಳುವ" ಎಂದರೆ, "ಬದ್ಕಿದ್ದೇ ದೊಡ್ದ್. ಇನ್ನ್ ಬಾಯಿ ರುಚಿಗೆ ಹೋಯಿ ಡಾಕ್ಟ್ರ ಹತ್ರ ಕೇಂಬುಕೆ ನಾಚ್ಕಿ ಆತ್ತ್" ಎನ್ನುತ್ತಿದ್ದಳು. ಪರೀಕ್ಷೆಗೆ ಹೋದಾಗಲೆಲ್ಲ ನಾನು ಜೊತೆಗೆ ಇರುತ್ತಿರಲಿಲ್ಲ. ಹಾಗಾಗಿ ಆ ಮಾತು ಅಲ್ಲಿಗೇ ನಿಂತಿತ್ತು.

ಅವಳ ಮಗಳು ನಾನು, ಬ್ರಹ್ಮಾವರದ ಹತ್ತಿರದ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತೇನೆ. ವಾರದಲ್ಲಿ ಅಲ್ಲೇ ಬಾಡಿಗೆ ಕೋಣೆ, ರಜೆಯಲ್ಲಿ ಮರವಂತೆ. ಆ ವರ್ಷ ಕೊನೆಯ ವರ್ಷದ ವಿದ್ಯಾರ್ಥಿಗಳಿಗೆ ನಾನು ಕೊಟ್ಟ ಪ್ರಾಜೆಕ್ಟ್ ನಮ್ಮ ಸುತ್ತಲಿನ ಮದ್ದಿನ ಗಿಡಗಳಲ್ಲಿ ಫ್ಲೇವನಾಯ್ಡ್‌ಗಳನ್ನು ಗುರುತಿಸುವುದು. ಫ್ಲೇವನಾಯ್ಡ್ ಎಂದರೆ ಗಿಡಗಳು ತಮ್ಮ ರಕ್ಷಣೆಗೆಂದು ಮಾಡಿಕೊಳ್ಳುವ ಒಂದು ಬಗೆಯ ವಸ್ತುಗಳು. ಬಿಸಿಲಿನ ಕಾವು, ಹುಳದ ಕಾಟ, ಇವನ್ನೆಲ್ಲ ತಡೆಯಲು ಎಲೆ, ಹೂ, ಸಿಪ್ಪೆಗಳಲ್ಲಿ ತುಂಬಿಕೊಂಡಿರುತ್ತವೆ. ಎಷ್ಟೋ ಹೂಹಣ್ಣುಗಳ ಬಣ್ಣವೂ ಅವುಗಳದ್ದೇ. ನಮ್ಮ ಮೈಯಲ್ಲಿ ಉರಿಯೂತ ತಗ್ಗಿಸುತ್ತವೆ, ರಕ್ತನಾಳಗಳಿಗೆ ಒಳ್ಳೆಯದು ಎಂದು ಓದಿರುತ್ತೇವೆ. ಅದರಲ್ಲಿ ಎಷ್ಟೋ ಸಂಗತಿ ಪರೀಕ್ಷಾ ನಳಿಕೆಯಲ್ಲಿ ಕಂಡದ್ದು, ಮನುಷ್ಯರಲ್ಲಿ ಇನ್ನೂ ಗಟ್ಟಿಯಾಗದ್ದು.

ಮಕ್ಕಳು ಉತ್ಸಾಹದಲ್ಲಿ ಸೊಪ್ಪು ತಂದರು. ಶಂಕರನಾರಾಯಣದ ಕಡೆಯಿಂದ ಬರುವ ಹುಡುಗಿ ಒಂದು ಚೀಲ ನೆಲನೆಲ್ಲಿ ಕಿತ್ತುಕೊಂಡು ಬಂದಿದ್ದಳು. ಮತ್ತೊಬ್ಬ ಪೇರಳೆ ಎಲೆ, ನುಗ್ಗೆ ಸೊಪ್ಪು, ಕ್ಯಾಂಟೀನಿನಿಂದ ನೀರುಳ್ಳಿ ಸಿಪ್ಪೆ. ಒಣಗಿಸಿ, ಪುಡಿ ಮಾಡಿ, ಆಲ್ಕೋಹಾಲಿನಲ್ಲಿ ನೆನೆಸಿ ಸೋಸಿದ ರಸಕ್ಕೆ ಮೆಗ್ನೀಸಿಯಂ ಚೂರು ಹಾಕಿ, ಮೇಲಿನಿಂದ ಆಮ್ಲದ ಹನಿ ಬಿಟ್ಟರೆ ಬುಸುಬುಸು ನೊರೆ ಏಳುತ್ತದೆ. ಫ್ಲೇವನಾಯ್ಡ್ ಇದ್ದರೆ ರಸ ನಿಧಾನವಾಗಿ ಗುಲಾಬಿಯಾಗಿ ಕೆಂಪಿಗೆ ತಿರುಗುತ್ತದೆ. ನೀರುಳ್ಳಿ ಸಿಪ್ಪೆಯ ನಳಿಕೆ ಕೆಂಪಾದಾಗ ಇಡೀ ಲ್ಯಾಬ್ ಹೋ ಎಂದಿತು. ಎಸೆಯುವ ಸಿಪ್ಪೆ ಎಲ್ಲವನ್ನೂ ಮೀರಿಸಿತ್ತು.

ಆ ವಾರಾಂತ್ಯ ಊರಿಗೆ ಹೋದಾಗ ಅಮ್ಮನಿಗೆ ಇದನ್ನು ಹೇಳಿದೆ. ಅವಳು ಮೀನು ಕೊಯ್ದ ಕೈಗೆ ಹುಳಿ ಉಜ್ಜುತ್ತ ಕೇಳಿದಳು, "ಕೆಂಪ್ ಆಯ್ತ್, ಸೈ. ಅದನ್ನ ಕುಡ್ದ್ರೆ ಎಂತ ಆತ್ತ್?"

"ಅದು ಈ ಪರೀಕ್ಷೆಯಲ್ಲಿ ಗೊತ್ತಾಗುವುದಿಲ್ಲಮ್ಮ. ಇದೆಯೋ ಇಲ್ಲವೋ ಎಂದಷ್ಟೇ ತಿಳಿಯುವುದು."

"ಅಷ್ಟಕ್ಕೆ ಇಷ್ಟ್ ಗೌಜಾ!" ಎಂದು ನಕ್ಕಳು.

ಜುಲೈ ಬಂತು. ಮಳೆ ಹಿಡಿದರೆ ಬಿಡದ ದಿನಗಳು. ಸುತ್ತಮುತ್ತ ಜ್ವರ, ಒಬ್ಬಿಬ್ಬರಿಗೆ ಡೆಂಗಿ ಎಂಬ ಸುದ್ದಿ. ಬೈಂದೂರಿನಲ್ಲಿರುವ ದೊಡ್ಡಮ್ಮ, ಅಮ್ಮನ ಅಕ್ಕ, ಸ್ವಲ್ಪ ದಿನ ತಂಗಿಯ ಜೊತೆ ಇದ್ದು ಹೋಗಲು ಬಂದಳು. ದೊಡ್ಡಮ್ಮನಿಗೆ ಗಂಡುಮಕ್ಕಳ ಸಂಸಾರ, ತುಂಬಿದ ಮನೆ. ಆದರೆ ಮಳೆಗಾಲದಲ್ಲಿ ತಂಗಿ ಒಬ್ಬಳೇ ಇರುವುದು ಅವಳಿಗೆ ಸಮಾಧಾನವಿಲ್ಲ. ಅವಳು ಬಂದರೆ ಮನೆ ಗಲಗಲ ಎನ್ನುತ್ತದೆ. ನನಗೂ ಬ್ರಹ್ಮಾವರದಲ್ಲಿ ನಿಶ್ಚಿಂತೆಯಿಂದ ನಿದ್ದೆ ಬರುತ್ತದೆ.

ಜೋರು ಮಳೆಯ ಎಚ್ಚರಿಕೆ ಎಂದು ಕಾಲೇಜಿಗೆ ರಜೆ ಸಾರಿದ ಒಂದು ದಿನ ನಾನು ಮನೆಯಲ್ಲಿದ್ದೆ. ನಾಡದೋಣಿಯವರಿಗೆ ಹಿಂದಿನ ದಿನ ಒಳ್ಳೆ ಬಂಗುಡೆ ಸಿಕ್ಕಿತ್ತು. ಅಮ್ಮ ಮೀನು ಮಾರುವ ಜಾಗಕ್ಕೆ ಹೋಗದೆ ಮನೆಯ ಹಿಂದಿನ ಚಾವಡಿಯಲ್ಲೇ ನಮ್ಮ ಸಾರಿಗೆಂದು ಮೀನು ಕೊಯ್ಯುತ್ತಿದ್ದಳು. ಸೆರಗು ಸರಿಸಿದಾಗ ಮುಂಗೈಯಲ್ಲಿ ನೀಲಿಗಟ್ಟಿದ ಒಂದು ಕಲೆ ಕಂಡಿತು.

"ಇದೆಂತ?"

"ಬಾಗ್ಲಿಗೆ ತಾಗಿತ್ತ್ ಕಾಂತ್. ನೋವಿಲ್ಲ."

ಅದನ್ನು ಹೇಳುತ್ತಲೇ ಅವಳ ಕೈ ಜಾರಿತು. ಹೆಬ್ಬೆರಳಿನ ಪಕ್ಕ ಸಣ್ಣದೊಂದು ಗೀರು. ಮೀನು ಕೊಯ್ಯುವವರಿಗೆ ಅದು ಲೆಕ್ಕಕ್ಕೇ ಇಲ್ಲದ ಗಾಯ. ನೀರಲ್ಲಿ ತೊಳೆದು, ಬಟ್ಟೆ ಸುತ್ತಿ, ಅವಳು ಮತ್ತೆ ಕತ್ತಿಯ ಮುಂದೆ ಕೂರಲು ಹೊರಟಳು. ಬಟ್ಟೆ ಒದ್ದೆಯಾಯಿತು. ಇನ್ನೊಂದು ಸುತ್ತಿದೆವು. ಅದೂ ಕೆಂಪಾಯಿತು. ನಾನು ಗಾಯವನ್ನು ಗಟ್ಟಿಯಾಗಿ ಒತ್ತಿ, ಅವಳ ಕೈಯನ್ನು ಎತ್ತಿ ಹಿಡಿದು ಕೂತೆ. ದೊಡ್ಡಮ್ಮ ಸ್ವಲ್ಪ ಹೊತ್ತು ನೋಡಿ, ಬಾಯಿಗೆ ಸೆರಗು ಒತ್ತಿಕೊಂಡು, "ನೆತ್ರ್ ನಿಲ್ಲುದೇ ಇಲ್ಯಲೆ!" ಎಂದಳು.

"ಎಂತ ಆಯ್ಲಿಲ್ಲ ಅಕ್ಕ, ನೀನ್ ಸುಮ್ನೆ ಕೂಕೊ" ಎಂದಳು ಅಮ್ಮ. ಆದರೆ ಅವಳ ಮುಖ ಬಿಳಿಚಿಕೊಂಡಿತ್ತು.

ನಾನು ಪರಿಚಯದ ರಿಕ್ಷಾದವರಿಗೆ ಫೋನ್ ಮಾಡಿದೆ. ಮಳೆಯಲ್ಲಿ ಎದುರಿನ ಗಾಡಿಯ ದೀಪವಷ್ಟೇ ಕಾಣುತ್ತಿತ್ತು. ಒಂದು ಬದಿಯಲ್ಲಿ ಕಡಲು ಕಲ್ಲಿನ ಮೇಲೆ ಹಾರಿ ಬೀಳುತ್ತಿತ್ತು. ಅಮ್ಮನನ್ನು ನಡುವೆ ಕೂರಿಸಿ, ನಾನೂ ದೊಡ್ಡಮ್ಮನೂ ಎರಡೂ ಕಡೆ ಹಿಡಿದುಕೊಂಡೆವು. ಕುಂದಾಪುರ ಮುಟ್ಟುವವರೆಗೆ ನಾನು ಅವಳ ಬೆರಳು ಬಿಡಲಿಲ್ಲ. ನನ್ನ ಕೈ ಜೋಮು ಹಿಡಿದು ಹೋಗಿತ್ತು.

ಆಸ್ಪತ್ರೆಯಲ್ಲಿ ಗಾಯಕ್ಕೆ ಒತ್ತುಪಟ್ಟಿ ಕಟ್ಟಿದರು, ಪರೀಕ್ಷೆಗೆ ರಕ್ತ ತೆಗೆದರು. ವರದಿ ನೋಡಿದ ಡಾಕ್ಟರು, ಸಮಾಧಾನದ ದನಿಯ ಹೆಂಗಸು, ಹುಬ್ಬೇರಿಸಿದರು. ಅಮ್ಮನಿಗೆ ಇರಬೇಕಾದ ಮಿತಿಯನ್ನು ರಕ್ತದ ತೆಳು ಎಲ್ಲೋ ದಾಟಿ ಹೋಗಿತ್ತು.

"ಮಾತ್ರೆ ಎರಡೆರಡು ತಗೊಂಡ್ರಾ ಅಮ್ಮಾ?"

"ಇಲ್ಲ. ಒಂದೇ. ಡಬ್ಬಿ ಕಾಣಿ ಬೇಕಾರೆ."

"ಬೇರೆ ಯಾವುದಾದ್ರೂ ಮದ್ದು? ನೋವಿನ ಮಾತ್ರೆ, ಆಯುರ್ವೇದ?"

"ಯಾವ್ದೂ ಇಲ್ಲ."

ಡಾಕ್ಟರು ನನ್ನ ಕಡೆ ನೋಡಿದರು. ನಾನು ದೊಡ್ಡಮ್ಮನ ಕಡೆ ನೋಡಿದೆ. ದೊಡ್ಡಮ್ಮ ಸೆರಗಿನ ತುದಿ ತಿರುಚುತ್ತ ನಿಂತಿದ್ದಳು.

"ದೊಡ್ಡಮ್ಮ, ಮನೆಯಲ್ಲಿ ಎಂತಾದರೂ ಕಷಾಯ ಮಾಡಿದ್ದೀರಾ?"

"ಕಷಾಯ ಅಲ್ಲ ಮಗಾ. ಪಪ್ಪಾಯಿ ಎಲಿ ಅರ್ದ್ ರಸ ತೆಗ್ದದ್. ಜ್ವರ ಬಪ್ದಿಲ್ಲ ಅಂದ್ರ್. ನಾನ್ ಬಂದಲ್ಲಿಂದ ದಿನಾ ಬೆಳಿಗ್ಗೆ ಇಬ್ರೂ ಕುಡಿತ್ತ್. ಸೊಪ್ಪಿನ ರಸ ಮದ್ದ್ ಆತ್ತಾ?"

ನನ್ನ ಗುಲಾಬಿ ನಳಿಕೆಗಳ ಕಥೆ ಕೇಳಿ ಇವರಿಗೆ ಎಲೆ ಅರೆಯುವ ಯೋಚನೆ ಬಂತೋ ಎಂಬ ಹೆದರಿಕೆ. "ಯಾರು ಹೇಳಿದ್ದು?" ಎಂದು ಕೇಳಿದೆ.

"ಮೊಬೈಲಲ್ಲಿ ಬಂದಿತ್ತಲೆ. ನಮ್ ಬೈಂದೂರಗೆ ಎಲ್ರಿಗೂ ಬಂದಿತ್. ಮಗ ಓದಿ ಹೇಳ್ದ" ಎಂದಳು. ಆ ಸಂಕಟದಲ್ಲೂ ಒಂದು ಉಸಿರು ಹಗುರಾಗಿ ಹೊರಬಂತು.

ಅಮ್ಮ ಸೊಪ್ಪು ಮುಟ್ಟದವಳು ರಸ ಹೇಗೆ ಕುಡಿದಳು ಎಂದು ಕೇಳಿದ್ದಕ್ಕೆ ಅವಳು ಹಾಸಿಗೆಯಿಂದಲೇ ಉತ್ತರ ಕೊಟ್ಟಳು: "ಅದ್ ಉಂಬು ಸೊಪ್ಪಲ್ಲ ಅಲ್ದಾ? ಮರದ್ ಎಲಿ." ಅವಳ ಲೆಕ್ಕದಲ್ಲಿ ಅದು ಊಟವೂ ಅಲ್ಲ, ಮದ್ದೂ ಅಲ್ಲ.

ಡಾಕ್ಟರು ಬೈಯಲಿಲ್ಲ. ಕುರ್ಚಿ ಎಳೆದುಕೊಂಡು ನಮ್ಮ ಎದುರು ಕೂತು ವಿವರಿಸಿದರು. ಅಮ್ಮ ನುಂಗುವ ಮಾತ್ರೆಯನ್ನು ಯಕೃತ್ತು ದಿನವೂ ಅಷ್ಟಷ್ಟೇ ಒಡೆದು ಹೊರಹಾಕುತ್ತದೆ. ಆ ಲೆಕ್ಕದಲ್ಲೇ ಮಾತ್ರೆಯ ಪ್ರಮಾಣ ಕೂರಿಸಿರುತ್ತಾರೆ. ಎಲೆಗಳಲ್ಲಿರುವ ಫ್ಲೇವನಾಯ್ಡ್‌ಗಳೂ ಇನ್ನೂ ಕೆಲವು ವಸ್ತುಗಳೂ ಆ ಒಡೆಯುವ ಕೆಲಸಕ್ಕೆ ಅಡ್ಡ ಬರಬಹುದು. ಆಗ ಒಂದೇ ಮಾತ್ರೆ ನುಂಗಿದರೂ ಮೈಯಲ್ಲಿ ಹೆಚ್ಚು ಉಳಿಯುತ್ತದೆ. "ಪಪ್ಪಾಯಿ ಎಲೆಯಿಂದಲೇ ಹೀಗಾಯ್ತು ಅಂತ ನಾನು ಖಂಡಿತವಾಗಿ ಹೇಳಲಾರೆ. ಆದರೆ ಹೊಸತಾಗಿ ಸೇರಿದ್ದು ಅದೊಂದೇ. ನಿಲ್ಲಿಸಿ ನೋಡುವ. ಈ ಮಾತ್ರೆಯನ್ನೂ ಸದ್ಯಕ್ಕೆ ತಡೆಹಿಡಿಯುವ, ದಿನಾ ರಕ್ತ ನೋಡ್ತೇವೆ. ಇಲ್ಲೇ ಇರಲಿ" ಎಂದರು.

ಇದೆಲ್ಲ ನನಗೆ ಪುಸ್ತಕದಲ್ಲಿ ಗೊತ್ತಿದ್ದದ್ದೇ. ಅದು ನನ್ನ ಅಮ್ಮನ ಹೆಬ್ಬೆರಳಲ್ಲಿ ಕಂಡಾಗ ಮಾತ್ರ ಬೇರೆಯೇ ಸಂಗತಿಯಾಗಿತ್ತು.

ಮಧ್ಯಾಹ್ನದ ಹೊತ್ತಿಗೆ ಗಾಯದ ರಕ್ತ ನಿಂತಿತು. ನಾವು ಒಂದಿಷ್ಟು ಸುಧಾರಿಸಿಕೊಂಡೆವು. ಸಂಜೆ ನರ್ಸ್ ಬಂದು ಹೇಗಿದ್ದೀರಿ ಎಂದು ಕೇಳಿದಾಗ ಅಮ್ಮ, "ತಲಿ ನೋಯ್ತಾ ಇತ್ತ್" ಎಂದಳು.

ಆ ಒಂದು ಮಾತಿಗೆ ವಾರ್ಡಿನಲ್ಲಿ ಓಡಾಟ ಶುರುವಾಯಿತು. ರಕ್ತ ಇಷ್ಟು ತೆಳುವಾಗಿರುವಾಗ ತಲೆನೋವೆಂದರೆ ಸುಮ್ಮನೆ ಬಿಡುವಂತಿಲ್ಲ, ತಲೆಯೊಳಗೆ ರಕ್ತ ಒಸರುತ್ತಿರಬಹುದು. ಡಾಕ್ಟರು ಬಂದು ಕಣ್ಣಿಗೆ ಟಾರ್ಚ್ ಬಿಟ್ಟರು, ಕೈಕಾಲು ಎತ್ತಿಸಿದರು, ನಗಿಸಿ ಮುಖ ನೋಡಿದರು. ಎಲ್ಲ ಸರಿಯಾಗಿತ್ತು. ಆದರೂ ಸ್ಕ್ಯಾನ್ ಮಾಡಿಸಲೇಬೇಕು ಎಂದರು. ಗಾಲಿಮಂಚದಲ್ಲಿ ಅವಳನ್ನು ಒಳಗೆ ಕೊಂಡುಹೋದರು. ಬಾಗಿಲು ಮುಚ್ಚಿತು.

ದೊಡ್ಡಮ್ಮ ಹೊರಗಿನ ಬೆಂಚಿನಲ್ಲಿ ಕುಸಿದು ಕೂತಳು. ಬೆಳಿಗ್ಗೆಯಿಂದ ಒಂದು ತುತ್ತೂ ತಿಂದಿರಲಿಲ್ಲ. ಬಿಸ್ಕತ್ತು ಕೊಟ್ಟರೆ ಕೈಯಲ್ಲಿ ಹಿಡಿದುಕೊಂಡೇ ಇದ್ದಳು. "ನಾನೇ ಅರ್ದ್ ಕೊಟ್ಟದ್. ಕಹಿ ಅಂತ ಬೇಡ ಅಂದ್ಳ್. ಜೋರ್ ಮಾಡಿ ಕುಡ್ಸ್ದೆ. ಎತ್ತಿ ಆಡ್ಸ್ದ್ ತಂಗಿ ಅದ್" ಎಂದು ಗೋಡೆ ನೋಡುತ್ತ ಹೇಳಿದಳು. ನಾನು ಅವಳ ಪಕ್ಕ ಕೂತು ಬೆನ್ನು ಸವರಿದೆ. ಎಲೆಯಲ್ಲಿ ವಿಷವಿಲ್ಲ ದೊಡ್ಡಮ್ಮ, ನೀವೂ ಕುಡಿದಿರಿ, ನಿಮಗೆ ಏನೂ ಆಗಲಿಲ್ಲವಲ್ಲ, ಅವಳ ಮಾತ್ರೆಗೆ ಕೂಡಿಬರಲಿಲ್ಲ ಅಷ್ಟೇ ಎಂದೆ. ಅವಳು ಕೇಳಿಸಿಕೊಂಡಂತೆ ಕಾಣಲಿಲ್ಲ. ನನಗೂ ನನ್ನ ಮಾತು ಟೊಳ್ಳಾಗಿ ಕೇಳಿಸುತ್ತಿತ್ತು, ಕಣ್ಣು ಆ ಬಾಗಿಲ ಮೇಲೆಯೇ ಇತ್ತು.

ಬಾಗಿಲು ತೆರೆದಾಗ ನಾನು ಮೊದಲು ನೋಡಿದ್ದು ಡಾಕ್ಟರ ಮುಖ. ಅವರು ದೂರದಿಂದಲೇ ಕೈ ಎತ್ತಿ ಏನಿಲ್ಲ ಎಂಬಂತೆ ಆಡಿಸಿದರು. ಹತ್ತಿರ ಬಂದು, "ತಲೆ ಸ್ವಚ್ಛ ಇದೆ. ರಕ್ತ ಎಲ್ಲೂ ಇಲ್ಲ" ಎಂದರು. ಅಲ್ಲಿಯವರೆಗೆ ಗಟ್ಟಿಯಾಗಿದ್ದವಳು ಆಗ ಅತ್ತುಬಿಟ್ಟೆ.

"ಹಾಂಗಾರೆ ತಲಿ ನೋಯ್ದ್ ಎಂತಕ್?" ಎಂದಳು ದೊಡ್ಡಮ್ಮ.

ಗಾಲಿಮಂಚದ ಮೇಲಿಂದ ಅಮ್ಮನೇ ಹೇಳಿದಳು, "ಬೆಳಿಗ್ಗಿಂದ ಒಂದ್ ಲೋಟ ಚಾ ಕೊಡ್ಲಿಲ್ಲ ಯಾರೂ. ನೋಯ್ದೆ ಎಂತ ಮಾಡತ್ತ್?"

ಡಾಕ್ಟರು ಮೊದಲು ನಕ್ಕರು. ಆಮೇಲೆ ಗಾಲಿಮಂಚ ತಳ್ಳುತ್ತಿದ್ದವರೂ ನಕ್ಕರು. ದಿನಕ್ಕೆ ನಾಲ್ಕೈದು ಲೋಟ ಚಹ ಕುಡಿಯುವವಳನ್ನು ನಾವು ಬೆಳಿಗ್ಗೆ ಕತ್ತಿಯ ಮುಂದಿನಿಂದಲೇ ಎಬ್ಬಿಸಿ ತಂದಿದ್ದೆವು. ಕೆಳಗಿನ ಕ್ಯಾಂಟೀನಿನಿಂದ ಸಕ್ಕರೆ ಜಾಸ್ತಿ ಹಾಕಿಸಿದ ಚಹ ತಂದುಕೊಟ್ಟೆ. ಕುಡಿದು, ಕಣ್ಣು ಮುಚ್ಚಿ, ಸ್ವಲ್ಪ ಹೊತ್ತಿನಲ್ಲೇ "ಈಗ ಅಡ್ಡಿಲ್ಲ" ಎಂದಳು. ಚಹವೇ ಕಾರಣವೋ, ಹೆದರಿಕೆ ಇಳಿದದ್ದೋ, ಯಾರಿಗೆ ಗೊತ್ತು. ನೋವು ಮತ್ತೆ ಬರಲಿಲ್ಲ.

ಅಕ್ಕ ಇನ್ನೂ ಬಿಸ್ಕತ್ತು ಹಿಡಿದು ನಿಂತದ್ದನ್ನು ಅವಳು ಆಗ ನೋಡಿದಳು. "ಎಂತಕ್ಕೆ ಮುಖ ಬಾಡ್ಸ್ಕಂಡಿದೆ? ನಂಗೆ ಜ್ವರ ಬಪ್ಕಾಗ ಅಂದೇಳಿ ಅಲ್ದಾ ನೀನ್ ಅರ್ದದ್? ಬಾ, ಇಲ್ಲ್ ಕೂಕೊ. ಆ ಬಿಸ್ಕೂಟ್ ಅದ್ದಿ ತಿನ್ನ್" ಎಂದು ತನ್ನ ಲೋಟವನ್ನೇ ಚಾಚಿದಳು. ದೊಡ್ಡಮ್ಮ ಮಂಚದ ಅಂಚಿನಲ್ಲಿ ಕೂತು, ಮೂಗು ಒರೆಸಿಕೊಳ್ಳುತ್ತ ಬಿಸ್ಕತ್ತು ಅದ್ದಿದಳು. ಅದು ಮುರಿದು ಚಹದೊಳಗೆ ಬಿತ್ತು. ಇಬ್ಬರೂ ಅದನ್ನು ಚಮಚದಲ್ಲಿ ಹುಡುಕತೊಡಗಿದರು.

ಮುಂದಿನ ದಿನಗಳಲ್ಲಿ ರಕ್ತಪರೀಕ್ಷೆಯ ಸಂಖ್ಯೆ ಇಳಿಯುತ್ತ ಬಂತು. ಕೊನೆಗೆ ಮಿತಿಯೊಳಗೆ ಬಂದು ನಿಂತಾಗ ಮಾತ್ರೆಯನ್ನು ಮತ್ತೆ ಶುರು ಮಾಡಿದರು, ಹಿಂದಿನಷ್ಟೇ ಪ್ರಮಾಣದಲ್ಲಿ. ಮನೆಗೆ ಹೊರಡುವ ಬೆಳಿಗ್ಗೆ ಡಾಕ್ಟರು ಮತ್ತೊಮ್ಮೆ ಹೇಳಿದರು: ಎಲೆ, ಬೇರು, ಚೂರ್ಣ, ಕಷಾಯ, ಯಾವುದೇ ಹೊಸತು ಶುರು ಮಾಡುವ ಮೊದಲು ಒಂದು ಮಾತು ಕೇಳಿ. ಅಮ್ಮ ತಲೆಯಾಡಿಸಿದಳು. ನಾನು ಈ ಸಲ ಬಿಡಲಿಲ್ಲ. "ಡಾಕ್ಟ್ರೇ, ಅಮ್ಮ ಆಪರೇಶನ್ ಆದಲ್ಲಿಂದ ಸೊಪ್ಪೇ ತಿಂದಿಲ್ಲ" ಎಂದೆ.

ಡಾಕ್ಟರು ಬರೆಯುವುದು ನಿಲ್ಲಿಸಿದರು. "ಪೂರ್ತಿ ಬಿಟ್ಟಿದ್ದೀರಾ? ಯಾಕೆ?"

"ಆಪರೇಶನ್ ಮಾಡಿದ್ ಡಾಕ್ಟ್ರೇ ಅಲ್ದಾ ಹೇಳಿದ್ದ್" ಎಂದಳು ಅಮ್ಮ, ಮೆಲ್ಲಗೆ.

"ಅವರು ಹೇಳಿದ್ದು ಬಿಡಿ ಅಂತ ಅಲ್ಲಮ್ಮಾ. ಒಂದು ದಿನ ರಾಶಿ, ಒಂದು ದಿನ ಏನೂ ಇಲ್ಲ, ಹಾಗೆ ಆಗಬಾರದು ಅಂತ. ಪ್ರತಿ ವಾರ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ತಿಂದರೆ ಮಾತ್ರೆಯನ್ನು ಅದಕ್ಕೆ ಸರಿಯಾಗಿ ನಾವೇ ಕೂರಿಸ್ತೇವೆ. ಈಗ ಸ್ವಲ್ಪ ಸ್ವಲ್ಪವಾಗಿ ಶುರು ಮಾಡಿ, ಪರೀಕ್ಷೆಗೆ ಬೇಗ ಬನ್ನಿ."

ಅಮ್ಮ ನಂಬಲಾರದವಳಂತೆ, ಮಗುವಿನ ಹಾಗೆ ಕೇಳಿದಳು, "ಒಂದೆಲಗದ್ ಚಟ್ನಿ? ಹರ್ಗಿ ಸೊಪ್ಪಿನ್ ಸಾಂಬಾರ್? ತಿಂಬುಕ್ ಅಕ್ಕಾ?"

ಆಗಬಹುದು ಎಂಬುದನ್ನು ನಮ್ಮ ಮಾತಿನಲ್ಲೇ, "ಅಕ್ಕು" ಎಂದರು ಡಾಕ್ಟರು. ಅವರು ಈ ಕಡೆಯವರೇ ಎಂದು ನನಗೆ ಆಗ ಗೊತ್ತಾಯಿತು.

ಕಾಲೇಜಿಗೆ ಮರಳಿದ ಮೇಲೆ ನಾನು ವಿದ್ಯಾರ್ಥಿಗಳಿಗೆ ಇಡೀ ಸಂಗತಿ ಹೇಳಿದೆ. ನೆಲನೆಲ್ಲಿ ತಂದ ಹುಡುಗಿ ಕೈ ಎತ್ತಿ, ತನ್ನ ಅಜ್ಜನಿಗೆ ಸಕ್ಕರೆ ಕಾಯಿಲೆಯ ಮಾತ್ರೆ ಇದೆ, ಜೊತೆಗೆ ನೇರಳೆ ಬೀಜದ ಪುಡಿಯನ್ನೂ ತಿನ್ನುತ್ತಾರೆ, ಏನಾದರೂ ಆದೀತೇ ಎಂದು ಕೇಳಿದಳು. ಡಾಕ್ಟರಿಗೆ ಹೇಳಿದ್ದಾರಾ ಎಂದೆ. ಇಲ್ಲ ಎಂದಳು. ಮರುವಾರ ಬಂದು, ಅಜ್ಜನನ್ನು ಕರೆದುಕೊಂಡು ಹೋಗಿದ್ದೆವು, ಡಾಕ್ಟರು ಎರಡನ್ನೂ ನೋಡಿ ಸಕ್ಕರೆ ಪರೀಕ್ಷೆ ಮಾಡಿಸಿದರು, ಸರಿ ಇದೆಯಂತೆ ಎಂದಳು. ಅವಳ ಮುಖದಲ್ಲಿದ್ದ ನೆಮ್ಮದಿ ನನಗೆ ಚೆನ್ನಾಗಿ ಗೊತ್ತಿದ್ದದ್ದೇ. ಪ್ರಾಜೆಕ್ಟಿನ ಕೊನೆಗೆ ಮಕ್ಕಳು ತಾವಾಗಿಯೇ ಒಂದು ಪುಟ ಸೇರಿಸಿದರು, ಗಿಡದಲ್ಲಿ ಏನಿದೆ ಎಂಬುದರ ಜೊತೆಗೆ ಅದನ್ನು ಯಾರು, ಯಾವ ಮಾತ್ರೆಯ ಜೊತೆ ತೆಗೆದುಕೊಳ್ಳುವಾಗ ಕೇಳಿಕೊಳ್ಳಬೇಕು ಎಂದು.

ಮಳೆ ಬಿಟ್ಟು ಹೊಳವಾದ ಒಂದು ದಿನ ದೊಡ್ಡಮ್ಮ ಬೈಂದೂರಿಗೆ ಹೊರಟಳು. ಹೆದ್ದಾರಿಯ ಬದಿಯಲ್ಲಿ ನಾವು ಮೂವರೂ ಬಸ್ಸಿಗೆ ಕಾದು ನಿಂತಿದ್ದೆವು. ಬಸ್ಸು ಹತ್ತುವ ಮೊದಲು ಅವಳು ನನ್ನ ಕೈಗೆ ತನ್ನ ಮೊಬೈಲ್ ಕೊಟ್ಟು, "ಇದ್ರಗೆ ಮದ್ದಿನ್ ಸುದ್ದಿ ಬಪ್ದನ್ನ ಬಂದ್ ಮಾಡುಕ್ ಆತ್ತಾ ಕಾಣ್" ಎಂದಳು. ಅದು ನನ್ನಿಂದ ಆಗುವ ಕೆಲಸವಲ್ಲ, ಬಂದರೆ ನನಗೊಂದು ಫೋನ್ ಮಾಡಿ ಎಂದೆ. ಅಷ್ಟರಲ್ಲಿ ಬಸ್ಸು ಬಂತು. ಅಮ್ಮ ಅಕ್ಕನ ಚೀಲವನ್ನು ಮೇಲಕ್ಕೆ ದಾಟಿಸಿದಳು. "ಬತ್ತೆ" ಎಂದು ದೊಡ್ಡಮ್ಮ ಕಿಟಕಿಯಿಂದ ಕೈ ಬೀಸಿದಳು.

ಸಂಜೆ ಫೋನ್ ಬಂತು. ಸುಖವಾಗಿ ಮುಟ್ಟಿದ್ದಾಳೆ, ಮೊಮ್ಮಕ್ಕಳು ಬಸ್‌ಸ್ಟ್ಯಾಂಡಿಗೆ ಬಂದಿದ್ದರಂತೆ. ಅಮ್ಮ ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಅಕ್ಕನ ಜೊತೆ ಮಾತಾಡುತ್ತಲೇ ಅನ್ನದ ಪಾತ್ರೆ ಇಳಿಸಿದಳು. ನಾನು ತಟ್ಟೆ ಹಾಕಿದೆ.